ಹೆಸರುಗಳನ್ನು ಹುಡುಕಿದ ಆಚಾರ್ಯರು

ಪ್ರತಿವರ್ಷವೂ ಮಾಗಿಯ ದಿನಗಳಲ್ಲಿ ನಮ್ಮ ಕಾಲೇಜಿನ ಕನ್ನಡ ತರಗತಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ತಲಕಾಡಿಗೂ ಸೋಮನಾಥಪುರಕ್ಕೂ ಹೋಗಿಬರುವುದು ನನ್ನ ವಾಡಿಕೆ. ತಲಕಾಡು ನನ್ನ ತಾಯಿಯ ತವರೂರು. ಅಲ್ಲಿಯ ಮರಳು ಬಾಲ್ಯದಿಂದಲೂ ನನ್ನ ಕಾಲಿಗೆ ಪರಿಚಿತವಾದದ್ದು. ಆದುದರಿಂದ ಆ ಊರನ್ನು ತೋರಿಸುವಾಗ ನನಗೆ ಸ್ವಲ್ಪ ಅಭಿಮಾನವೂ, ಅದಕ್ಕಿಂತ ಹೆಚ್ಚಾಗಿ ಒಂದು ಬಗೆಯ ಅಲಕ್ಷ್ಯವೂ ಇರುತ್ತಿತ್ತು. ಚೆನ್ನಾಗಿ ಬಲ್ಲೆನೆಂದು ತಿಳಿದ ವಸ್ತುವನ್ನು ನಾವು ನೋಡುವುದೇ ಕಡಿಮೆ. ಕೆಲವು ವರ್ಷಗಳ ಹಿಂದೆ ಸೋಮನಾಥಪುರದ ಕೇಶವಾಲಯದ ಹೊರಗೋಡೆಯ ಬಳಿ ಒಬ್ಬ ವಿದ್ಯಾರ್ಥಿನಿ ವಿಗ್ರಹವೊಂದರ ಪೀಠದ ಮೇಲಿದ್ದ ಸಣ್ಣ ಅಕ್ಷರಗಳನ್ನು ತೋರಿಸಿ ಅದೇನೆಂದು ಕೇಳಿದಳು. ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರೆಂದು ಹೇಳಿದೆ. ಅದನ್ನು ಮೊದಲು ಓದಿ ಲೋಕಕ್ಕೆ ತಿಳಿಸಿದವರು ಯಾರೆಂಬುದು ಅವಳ ಮುಂದಿನ ಪ್ರಶ್ನೆ. ಆರ್. ನರಸಿಂಹಾಚಾರ್ಯರೆಂದೆ. ಕವಿಚರಿತೆಯ ನರಸಿಂಹಾಚಾರ್ಯರೇ ಎಂದು ಅವಳು ಆಶ್ಚರ್ಯಪಟ್ಟಳು. ಅವಳ ಆಶ್ಚರ್ಯದಲ್ಲಿ ನನ್ನ ಪಾಠದ ಕೊರತೆ ನನಗೆ ಕಂಡಿತು. ಇಪ್ಪತ್ತು ವರ್ಷ ನಾನು ಆ ಮಹನೀಯರನ್ನು ಕವಿಗಳ ಕಾಲನಿರ್ಣಯದ ಒಣ ಪಟ್ಟಿಯೊಂದರ ಕರ್ತೃವೆಂದು ಮಾತ್ರ ಪರಿಚಯಿಸುತ್ತ ಬಂದಿದ್ದೆ. ಕಲ್ಲುಕಟ್ಟಡಗಳ ಮುಂದೆ ದಿನಗಟ್ಟಲೆ ನಿಂತು, ಅಳೆದು, ಎಣಿಸಿ, ಛಾಯಾಚಿತ್ರ ತೆಗೆಯಿಸಿ, ವರ್ಣಿಸಿದ ನರಸಿಂಹಾಚಾರ್ಯರು ನನ್ನ ಪಾಠದಲ್ಲಿ ಇರಲೇ ಇಲ್ಲ.

ಆಚಾರ್ಯರು ಹುಟ್ಟಿದ್ದು ೧೮೬೦ರಲ್ಲಿ, ಇಂದಿನ ಮಂಡ್ಯ ಜಿಲ್ಲೆಯ ಕೊಪ್ಪಲೆಂಬ ಹಳ್ಳಿಯಲ್ಲಿ. ಶ್ರೀವೈಷ್ಣವ ಮನೆತನ; ಮನೆಯಲ್ಲಿ ಸಂಸ್ಕೃತ ತಮಿಳುಗಳ ಬಳಕೆ, ಹೊರಗೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಈ ನಾಲ್ಕು ಭಾಷೆಗಳೂ ಮುಂದೆ ಅವರಿಗೆ ನಾಲ್ಕು ಕೈಗಳಂತೆ ಒದಗಿಬಂದವು. ಮದರಾಸು ವಿಶ್ವವಿದ್ಯಾನಿಲಯದಿಂದ ಕನ್ನಡದಲ್ಲಿ ಎಂ.ಎ. ಪದವಿ ಪಡೆದ ಮೊದಲಿಗರು ಅವರೆಂದು ನಮ್ಮ ಸಾಹಿತ್ಯ ಚರಿತ್ರೆ ಅವರನ್ನು ಗೌರವಿಸುತ್ತದೆ. ಆ ಪದವಿಯನ್ನು ಪಡೆಯುವಾಗ ಅವರ ಮುಂದೆ ಕನ್ನಡ ಸಾಹಿತ್ಯದ ಚರಿತ್ರೆಯೆಂಬ ಸಮಗ್ರ ಗ್ರಂಥವೊಂದು ಇರಲಿಲ್ಲವೆಂಬುದನ್ನು ನಾವು ನೆನೆಯಬೇಕು. ಅದೇ ಪದವಿಯನ್ನು ನೂರು ವರ್ಷಗಳ ಅನಂತರ ಪಡೆದ ನನ್ನಂಥವರು ಓದಿದ ಪಾಠಗಳ ಅಡಿಗಲ್ಲುಗಳನ್ನು ಇಟ್ಟವರಲ್ಲಿ ಅವರು ಮೊದಲ ಸಾಲಿನವರು.

ಕೆಲವು ಕಾಲ ವಿದ್ಯಾ ಇಲಾಖೆಯಲ್ಲಿ ಸೇವೆ ಮಾಡಿದ ಮೇಲೆ, ೧೮೯೯ರಲ್ಲಿ ಅವರು ಮೈಸೂರು ಸಂಸ್ಥಾನದ ಪ್ರಾಕ್ತನ ವಿಮರ್ಶೆಯ ಇಲಾಖೆಗೆ ಬಂದರು. ಆಗ ಆ ಇಲಾಖೆಯ ಮುಖ್ಯಸ್ಥರಾಗಿದ್ದವರು ಬಿ. ಎಲ್. ರೈಸ್. ೧೮೩೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಕನ್ನಡವನ್ನು ತಮ್ಮ ಭಾಷೆಯಾಗಿಯೇ ಕಲಿತ ಈ ಆಂಗ್ಲ ವಿದ್ವಾಂಸರು ಶಾಸನಗಳ ಹಾದಿಗೆ ಬಂದ ಬಗೆಯೇ ಸ್ವಾರಸ್ಯವಾದುದು. ೧೮೬೫ರಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಸಂಸ್ಥಾನದ ಅನೇಕ ಶಿಲಾಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಆ ಚಿತ್ರಗಳಲ್ಲಿದ್ದ ಅಕ್ಷರಗಳನ್ನು ಓದಿ ಅನುವಾದಿಸುವ ಕೆಲಸ ರೈಸರಿಗೆ ಬಂತು. ಅದರ ಫಲವಾಗಿ ೧೮೭೯ರಲ್ಲಿ ಮೈಸೂರು ಶಾಸನಗಳ ಗ್ರಂಥ ಹೊರಬಂತು. ನಮ್ಮ ನಾಡಿನ ಶಾಸನ ವ್ಯಾಸಂಗದ ಬಾಗಿಲಲ್ಲಿಯೇ ಹೀಗೆ ಒಂದು ಕ್ಯಾಮರಾ ನಿಂತಿದೆ. ಮುಂದೆ ರೈಸರು ಊರೂರುಗಳ ಕಲ್ಲುಗಳನ್ನು ಸಂಗ್ರಹಿಸಿ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ಹೊರಡಿಸಿದರು. ತಿರುಮಕೂಡಲು ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳ ಶಾಸನಗಳು ಅಡಗಿರುವ ಮೂರನೆಯ ಸಂಪುಟ ೧೮೯೪ರದು. ತಲಕಾಡಿನ ಕಲ್ಲುಗಳ ಮಾತು ಅಚ್ಚಿನಲ್ಲಿ ಒಟ್ಟಾಗಿ ಮೂಡಿದ್ದು ಆ ಪುಟಗಳಲ್ಲಿ.

ರೈಸರು ೧೯೦೬ರಲ್ಲಿ ನಿವೃತ್ತರಾದಾಗ ಅವರ ಪೀಠಕ್ಕೆ ನರಸಿಂಹಾಚಾರ್ಯರು ಬಂದರು. ೧೯೨೨ರವರೆಗೆ, ಹದಿನಾರು ವರ್ಷ, ಆ ಇಲಾಖೆಯನ್ನು ನಡೆಸಿದರು. ಅಧಿಕಾರ ವಹಿಸಿಕೊಂಡ ಮರುವರ್ಷವೇ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ಪ್ರಕಟವಾಯಿತು. ಅದರಲ್ಲಿ ಅವರ ಜೊತೆಗಾರರಾಗಿದ್ದವರು ಎಸ್. ಜಿ. ನರಸಿಂಹಾಚಾರ್ಯರು. ಅದೇ ೧೯೦೭ರಲ್ಲಿ ಆ ಮಿತ್ರರು ತೀರಿಕೊಂಡರು. ಇಬ್ಬರು ಹೊತ್ತ ಹೊರೆಯನ್ನು ಒಬ್ಬರೇ ಮುಂದಕ್ಕೆ ಸಾಗಿಸಬೇಕಾಯಿತು. ಎರಡನೆಯ ಸಂಪುಟ ಹೊರಬಂದದ್ದು ೧೯೧೯ರಲ್ಲಿ, ಮೂರನೆಯದು ೧೯೨೯ರಲ್ಲಿ. ಮೊದಲ ಸಂಪುಟಕ್ಕೂ ಕೊನೆಯದಕ್ಕೂ ನಡುವೆ ಇಪ್ಪತ್ತೆರಡು ವರ್ಷಗಳು ಕಳೆದುವು. ಆ ವೇಳೆಗೆ ಆಚಾರ್ಯರಿಗೆ ವಯಸ್ಸು ಎಪ್ಪತ್ತು ಸಮೀಪಿಸಿತ್ತು. ಸಾವಿರಕ್ಕೂ ಮೀರಿದ ಕವಿಗಳು ಆ ಮೂರು ಸಂಪುಟಗಳಲ್ಲಿದ್ದಾರೆ. ಅವರಲ್ಲಿ ಪಂಪ ರನ್ನರಂಥವರು ಕೆಲವರೇ. ಒಂದು ಓಲೆಯ ಕಟ್ಟಿನ ಕೊನೆಯಲ್ಲಿ ಹೆಸರನ್ನು ಬಿಟ್ಟು ಮರೆಯಾದ ಸಾಮಾನ್ಯರು ನೂರಾರು ಮಂದಿ. ಆಚಾರ್ಯರು ದೊಡ್ಡವರಿಗೆ ಹೆಚ್ಚು ಪುಟಗಳನ್ನು ಕೊಟ್ಟರು. ಆದರೆ ಸಣ್ಣವನೆಂದು ಯಾರನ್ನೂ ಬಿಡಲಿಲ್ಲ. ಹೆಸರು, ಮತ, ಕಾಲ, ಗ್ರಂಥ, ಎರಡು ಮಾದರಿ ಪದ್ಯಗಳು: ಇಷ್ಟಾದರೂ ಪ್ರತಿಯೊಬ್ಬನಿಗೂ ಸಲ್ಲಬೇಕೆಂಬುದು ಅವರ ನಿಯಮವಾಗಿತ್ತೆಂದು ತೋರುತ್ತದೆ.

ಇತ್ತ ಮನೆಯಲ್ಲಿ ಓಲೆಗರಿಗಳ ಕೆಲಸ ಸಾಗುತ್ತಿರುವಾಗ, ಅತ್ತ ಇಲಾಖೆಯ ಕೆಲಸ ಅವರನ್ನು ಹಳ್ಳಿಯಿಂದ ಹಳ್ಳಿಗೆ ಒಯ್ಯುತ್ತಿತ್ತು. ಆ ಕಾಲದ ಸಂಚಾರವನ್ನು ಇಂದಿನ ವಾಚಕರು ಸ್ವಲ್ಪ ಊಹಿಸಿಕೊಳ್ಳಬೇಕು. ಹೊಲದ ಬದುವಿನಲ್ಲಿ ಅರ್ಧ ಹೂತುಹೋದ ಕಲ್ಲನ್ನು ಎತ್ತಿಸಿ, ತೊಳೆದು, ಒದ್ದೆಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಅಕ್ಷರದ ತಗ್ಗುಗಳಿಗೆ ಕಾಗದ ಇಳಿಯುವಂತೆ ಕುಂಚದಿಂದ ಹದವಾಗಿ ಬಡಿದು, ಮೇಲೆ ಮಸಿಯನ್ನು ಒತ್ತಿದರೆ ಕಪ್ಪಿನ ನಡುವೆ ಬೆಳ್ಳಗೆ ಅಕ್ಷರಗಳು ಏಳುತ್ತವೆ. ಗಾಳಿ ಬಂದರೆ ಕಾಗದ ಹಾರುತ್ತದೆ. ಮಳೆ ಬಂದರೆ ದಿನದ ಕೆಲಸ ಹಾಳಾಗುತ್ತದೆ. ಛಾಯಾಚಿತ್ರದ ಕೆಲಸವೂ ಅಷ್ಟೇ ಪ್ರಯಾಸದ್ದು. ಮುಕ್ಕಾಲಿಯ ಮೇಲೆ ನಿಲ್ಲಿಸುವ ಭಾರವಾದ ಪೆಟ್ಟಿಗೆ, ಒಡೆಯುವ ಗಾಜಿನ ಫಲಕಗಳು, ಗರ್ಭಗುಡಿಯ ಕತ್ತಲೆ: ಇವೆಲ್ಲದರ ನಡುವೆ ಒಂದು ವಿಗ್ರಹದ ಬಿಂಬವನ್ನು ಹಿಡಿಯಬೇಕಾಗಿತ್ತು. ಪಟ ಹಿಡಿಯುವವರೂ ನಕ್ಷೆ ಬರೆಯುವವರೂ ಇಲಾಖೆಯ ಸಿಬ್ಬಂದಿಯವರು. ಅವರ ಹೆಸರುಗಳು ಇಂದು ನಮ್ಮ ನೆನಪಿನಲ್ಲಿಲ್ಲ. ಆದರೆ ಅವರ ಪರಿಶ್ರಮದ ಫಲವನ್ನು ಆಚಾರ್ಯರ ವಾರ್ಷಿಕ ವರದಿಗಳಲ್ಲಿ ನೋಡಬಹುದು. ಅಲ್ಲಿ ಗುಡಿಗಳ ವರ್ಣನೆ, ಹೊಸ ಶಾಸನಗಳ ಸಾರ, ನಾಣ್ಯಗಳು, ಹಸ್ತಪ್ರತಿಗಳು ಇವುಗಳ ಜೊತೆಗೆ ಆ ವರ್ಷ ತೆಗೆದ ಛಾಯಾಚಿತ್ರಗಳ ಪಟ್ಟಿಯೂ ಇರುತ್ತದೆ. ಯಾವ ಊರಿನ ಯಾವ ಗುಡಿಯ ಯಾವ ದಿಕ್ಕಿನ ನೋಟವೆಂದು ಬರೆದಿಟ್ಟ ಆ ಪಟ್ಟಿಯನ್ನು ಮೊದಲು ನಾನು ಕಚೇರಿಯ ಲೆಕ್ಕವೆಂದು ದಾಟಿಹೋಗುತ್ತಿದ್ದೆ.

ತಲಕಾಡಿನಂಥ ಊರಿಗೆ ಈ ಲೆಕ್ಕದ ಬೆಲೆ ಬೇರೆಯೇ. ಗಂಗರ ರಾಜಧಾನಿಯಾಗಿದ್ದ ಈ ಊರು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ವಶವಾಗಿ ರಾಜರಾಜಪುರವೆನಿಸಿತು; ೧೧೧೬ರ ಸುಮಾರಿನಲ್ಲಿ ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದು ತಲಕಾಡುಗೊಂಡನೆಂಬ ಬಿರುದನ್ನು ಧರಿಸಿ, ಗೆಲುವಿನ ಕುರುಹಾಗಿ ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದ. ಆಮೇಲೆ ಮರಳು ಬಂತು. ಅಲಮೇಲಮ್ಮನ ಶಾಪದ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಕಾವೇರಿ ಇಲ್ಲಿ ತಿರುಗುವ ಬಗೆ, ಬೇಸಗೆಯಲ್ಲಿ ಒಣಗಿ ತೆರೆದುಕೊಳ್ಳುವ ನದಿಯ ಪಾತ್ರ, ಬೀಸುವ ಗಾಳಿ, ಇವುಗಳಿಂದಲೇ ದಿಬ್ಬಗಳು ಬೆಳೆದುವೆಂದು ಶಾಸ್ತ್ರಜ್ಞರು ವಿವರಿಸುತ್ತಾರೆ. ಕಾರಣ ಯಾವುದೇ ಇರಲಿ, ಕಟ್ಟಿದ್ದು ಕಣ್ಮರೆಯಾಗುತ್ತದೆಂಬುದನ್ನು ಕಲಿಸಲು ಇದಕ್ಕಿಂತ ಸ್ಪಷ್ಟವಾದ ಪಾಠಶಾಲೆ ಮೈಸೂರು ಸೀಮೆಯಲ್ಲಿ ಇಲ್ಲ. ಇಂಥಲ್ಲಿ ಕಣ್ಣಿಗೆ ಕಂಡದ್ದನ್ನು ಕಂಡ ದಿನವೇ ಬರೆದಿಡಬೇಕು. ಚೋಳರ ಕಾಲದ ಇಲ್ಲಿನ ಶಾಸನಗಳಲ್ಲಿ ಅನೇಕವು ತಮಿಳಿನವು. ಕನ್ನಡವನ್ನಷ್ಟೇ ಬಲ್ಲ ಪಂಡಿತನು ಅವುಗಳ ಮುಂದೆ ಮೂಕನಾಗಬೇಕಾಗಿತ್ತು. ಮನೆಯ ತಮಿಳು ಆಚಾರ್ಯರ ಕೈ ಹಿಡಿದದ್ದು ಇಂಥ ಎಡೆಗಳಲ್ಲಿಯೇ. ಅದೇ ತಮಿಳಿನ ನೀತಿಗ್ರಂಥಗಳ ಸಾರವನ್ನು ಅವರು ನೀತಿಮಂಜರಿಯಾಗಿ ಕನ್ನಡಕ್ಕೂ ತಂದುಕೊಟ್ಟರು.

ತಲಕಾಡಿನಿಂದ ಕೆಲವೇ ಹರಿದಾರಿ ದೂರದಲ್ಲಿ, ಅದೇ ತಾಲ್ಲೂಕಿನಲ್ಲಿ, ಸೋಮನಾಥಪುರವಿದೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ತನ್ನ ಹೆಸರಿನಲ್ಲಿ ಅಗ್ರಹಾರವನ್ನು ಮಾಡಿ, ೧೨೬೮ರಲ್ಲಿ ಅಲ್ಲಿ ಕೇಶವನನ್ನು ಪ್ರತಿಷ್ಠಿಸಿದ. ಮೂರು ಗರ್ಭಗುಡಿಗಳು, ನಕ್ಷತ್ರಾಕಾರದ ಜಗತಿ, ಸುತ್ತಲೂ ಅರವತ್ತುನಾಲ್ಕು ಕೋಣೆಗಳ ಕೈಸಾಲೆ. ಕೇಶವನ ಮೂಲವಿಗ್ರಹ ಎಂದೋ ಕಾಣೆಯಾಗಿದೆ. ಜನಾರ್ದನ ವೇಣುಗೋಪಾಲರು ಉಳಿದಿದ್ದಾರೆ. ಮೈಸೂರಿನ ಶಿಲ್ಪ ಮತ್ತು ವಾಸ್ತುಗಳನ್ನು ಕುರಿತು ಒಂದು ಗ್ರಂಥಮಾಲೆಯನ್ನು ಹೊರಡಿಸಬೇಕೆಂದು ಆಚಾರ್ಯರು ಸಂಕಲ್ಪಿಸಿದಾಗ ಅದರ ಮೊದಲ ಗ್ರಂಥಕ್ಕೆ ಆರಿಸಿಕೊಂಡದ್ದು ಈ ಗುಡಿಯನ್ನು. ೧೯೧೭ರಲ್ಲಿ ಅದು ಚಿತ್ರಗಳೊಡನೆ ಇಂಗ್ಲಿಷಿನಲ್ಲಿ ಹೊರಬಂತು. ೧೯೧೯ರಲ್ಲಿ ಬೇಲೂರಿನ ಕೇಶವಾಲಯವನ್ನೂ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯನ್ನೂ ಕುರಿತ ಎರಡು ಗ್ರಂಥಗಳು ಅದನ್ನು ಹಿಂಬಾಲಿಸಿದುವು.

ಇವು ತೆಳುವಾದ ಪುಸ್ತಕಗಳು. ಸೌಂದರ್ಯದ ಉಪಾಸನೆಯನ್ನು ನಿರೀಕ್ಷಿಸಿ ತೆರೆದವರಿಗೆ ಮೊದಲು ನಿರಾಶೆಯಾಗುತ್ತದೆ. ಯಾವ ಗೋಡೆಯಲ್ಲಿ ಯಾವ ಪಟ್ಟಿಕೆ, ಆನೆಯ ಮೇಲೆ ಕುದುರೆ, ಅದರ ಮೇಲೆ ಬಳ್ಳಿ, ಅದರ ಮೇಲೆ ಪುರಾಣಕಥೆ, ಯಾವ ಮೂಲೆಯಲ್ಲಿ ಯಾವ ದೇವತೆ ಎಂಬುದನ್ನು ಆಚಾರ್ಯರು ಸುತ್ತು ಬರುತ್ತ ಸಮಾಧಾನದಿಂದ ಹೇಳಿಕೊಂಡು ಹೋಗುತ್ತಾರೆ. ಉದ್ಗಾರಗಳು ವಿರಳ. ಆದರೆ ವಿಗ್ರಹಗಳ ಪೀಠದ ಬಳಿ ಬಂದಾಗ ಅವರ ಸಮಾಧಾನದ ಅರ್ಥ ತಿಳಿಯುತ್ತದೆ. ಅಲ್ಲಿ ಅವರು ಬಾಗಿ ಅಕ್ಷರಗಳನ್ನು ಓದಿದರು. ಸುಮಾರು ನಲವತ್ತು ವಿಗ್ರಹಗಳ ಕೆಳಗೆ ಮಲ್ಲಿತಮ್ಮನ ಗುರುತು. ಉಳಿದವುಗಳಲ್ಲಿ ಬಾಲೆಯ, ಚೌಡೆಯ, ಬಾಮಯ, ಮಸಣಿತಮ್ಮ, ನಂಜಯ ಮೊದಲಾದವರದು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಅನೇಕರು. ಹೊಯ್ಸಳರ ಗುಡಿಗಳನ್ನೆಲ್ಲ ಜಕಣಾಚಾರಿಯೊಬ್ಬನೇ ಕಡೆದನೆಂಬ ಕಥೆಯನ್ನು ನಾಡು ಶತಮಾನಗಳ ಕಾಲ ನಂಬಿ ನಲಿದಿತ್ತು. ಕಥೆ ಸುಂದರವಾದುದೇ. ಆದರೆ ಒಬ್ಬನ ಕೀರ್ತಿಯ ನೆರಳಿನಲ್ಲಿ ಎಷ್ಟು ಜನ ಮುಚ್ಚಿಹೋಗಿದ್ದರೆಂಬುದು ಪೀಠಗಳನ್ನು ಓದಿದಾಗ ತಿಳಿಯಿತು. ನುಗ್ಗೇಹಳ್ಳಿಯ ೧೨೪೬ರ ಗುಡಿಯಲ್ಲಿಯೂ ಮಲ್ಲಿತಮ್ಮನ ಹೆಸರಿದೆ. ಅಲ್ಲಿ ಅವನ ಜೊತೆಗೆ ಬೈಚೋಜನಿದ್ದಾನೆ. ಊರಿಂದೂರಿಗೆ ಉಳಿ ಹೊತ್ತು ನಡೆದ ಕೆಲಸಗಾರರ ಒಂದು ಬಳಗ ಹೀಗೆ ಮೆಲ್ಲನೆ ನಮ್ಮ ಕಣ್ಣಿಗೆ ಕಾಣತೊಡಗುತ್ತದೆ.

ಇಲ್ಲಿಗೆ ಬಂದಾಗ ಆಚಾರ್ಯರ ಎರಡು ಜೀವನಗಳು ಒಂದೇ ಎಂದು ನನಗೆ ಮನವರಿಕೆಯಾಯಿತು. ಓಲೆಯ ಕೊನೆಯಲ್ಲಿ ಹೆಸರು ಬರೆದ ಕವಿಯೂ ಪೀಠದ ಅಂಚಿನಲ್ಲಿ ಹೆಸರು ಕೊರೆದ ಶಿಲ್ಪಿಯೂ ಅವರಿಗೆ ಬೇರೆ ಬೇರೆ ಜಾತಿಯ ಜನರಾಗಿರಲಿಲ್ಲ. ಇಬ್ಬರೂ ತಮ್ಮ ಕೆಲಸವನ್ನು ಮುಗಿಸಿ ಗುರುತು ಹಾಕಿ ಹೋದವರು. ಆ ಗುರುತನ್ನು ಓದುವುದು ಹಿಂದೆ ಬಂದವರ ಕರ್ತವ್ಯ. ಕವಿಚರಿತೆಯನ್ನು ಬರೆದ ಕೈಯೇ ಕೇಶವಾಲಯದ ಶಿಲ್ಪಿಗಳ ಪಟ್ಟಿಯನ್ನೂ ಬರೆಯಬೇಕಾಗಿತ್ತೆಂದು ಈಗ ತೋರುತ್ತದೆ.

ಅವರ ಕೆಲಸದಲ್ಲಿ ಕೊರತೆಗಳಿಲ್ಲವೆಂದು ನಾನು ಹೇಳಲಾರೆ. ಕವಿಚರಿತೆಯ ಕಾಲನಿರ್ಣಯಗಳಲ್ಲಿ ಹಲವನ್ನು ಮುಂದಿನವರು ತಿದ್ದಿದ್ದಾರೆ. ಕವಿಯನ್ನು ತೂಗಿನೋಡುವ ಕಡೆ ಅವರ ಮಾತು ಒಂದೆರಡು ಸಿದ್ಧ ವಿಶೇಷಣಗಳಲ್ಲಿ ಮುಗಿದುಹೋಗುತ್ತದೆ. ಗುಡಿಯ ಸೌಂದರ್ಯದ ರಹಸ್ಯವನ್ನು ಅವರಿಗಿಂತ ಆಳವಾಗಿ ವಿವರಿಸಿದವರು ಆಮೇಲೆ ಬಂದಿದ್ದಾರೆ. ವಿದ್ಯಾರ್ಥಿಯಾಗಿದ್ದಾಗ ನಾವು ಇದನ್ನೆಲ್ಲ ಎತ್ತಿಹೇಳಿ ನಕ್ಕದ್ದೂ ಉಂಟು. ಆದರೆ ತಿದ್ದುವುದಕ್ಕೆ ಮೊದಲು ತಿದ್ದಬಹುದಾದ ಒಂದು ಬರೆಹ ಇರಬೇಕು. ರಸವಿಮರ್ಶೆಗೆ ಮೊದಲು ಪಾಠ ಕೈಗೆ ಸಿಗಬೇಕು. ತಮ್ಮ ಪಾಲಿಗೆ ಬಂದದ್ದು ಮೊದಲ ಕೆಲಸವೆಂಬುದನ್ನು ಅರಿತು ಅದನ್ನು ಪೂರ್ತಿಯಾಗಿ ಮಾಡಿದವರು ಅವರು.

ನಾಡು ಅವರನ್ನು ಗೌರವಿಸದೆ ಬಿಡಲಿಲ್ಲ. ಮೈಸೂರಿನ ಮಹಾರಾಜರು ಪ್ರಾಕ್ತನ ವಿಮರ್ಶ ವಿಚಕ್ಷಣರೆಂಬ ಬಿರುದನ್ನಿತ್ತರು. ಆಂಗ್ಲ ಸರ್ಕಾರ ರಾವ್ ಬಹದ್ದೂರರೆಂದಿತು. ೧೯೧೮ರಲ್ಲಿ ಧಾರವಾಡದಲ್ಲಿ ಸೇರಿದ ನಾಲ್ಕನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಆ ಕಾಲದಲ್ಲಿ ಮೈಸೂರಿನ ವಿದ್ವಾಂಸರೊಬ್ಬರು ಮುಂಬಯಿ ಪ್ರಾಂತದ ಕನ್ನಡಿಗರ ನಡುವೆ ಆ ಪೀಠದಲ್ಲಿ ಕುಳಿತದ್ದು ಸಣ್ಣ ಸಂಗತಿಯಲ್ಲ. ಇಷ್ಟೆಲ್ಲ ಗಾಂಭೀರ್ಯದ ನಡುವೆ ಅವರು ನಗೆಗಡಲು ಎಂಬ ವಿನೋದದ ಪುಸ್ತಕವನ್ನೂ ಹೊರತಂದರೆಂಬುದನ್ನು ತಿಳಿದಾಗ ನನ್ನ ವಿದ್ಯಾರ್ಥಿಗಳಿಗೆ ಬಹಳ ಸಂತೋಷವಾಯಿತು.

೧೯೨೨ರಲ್ಲಿ ಇಲಾಖೆಯನ್ನು ಆರ್. ಶಾಮಶಾಸ್ತ್ರಿಗಳಿಗೆ ಒಪ್ಪಿಸಿ ಅವರು ನಿವೃತ್ತರಾದರು. ಮರುವರ್ಷ ಶ್ರವಣಬೆಳಗೊಳದ ಶಾಸನಗಳ ಪರಿಷ್ಕೃತ ಸಂಪುಟ ಹೊರಬಂತು. ೧೮೮೯ರ ಮೊದಲ ಮುದ್ರಣದಲ್ಲಿ ರೈಸರು ಕೊಟ್ಟ ಶಾಸನಗಳು ೧೪೪. ಆಚಾರ್ಯರ ಸಂಪುಟದಲ್ಲಿ ೫೦೦. ರೈಸರು ಬೆಟ್ಟವನ್ನು ಹತ್ತಿದವರೇ. ಆಚಾರ್ಯರು ಅದೇ ಬೆಟ್ಟವನ್ನು ಮತ್ತೆ ಹತ್ತಿ, ನೋಡಿದ ಬಂಡೆಗಳನ್ನೇ ಮತ್ತೆ ನೋಡಿದರು. ಅದೇ ೧೯೨೩ರಲ್ಲಿ ಶಾಸನಗಳೊಳಗಿನ ಕವಿತೆಯನ್ನು ಆಯ್ದು ಶಾಸನಪದ್ಯಮಂಜರಿಯಾಗಿ ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಭಾಷೆಯ ಚರಿತ್ರೆಯನ್ನು ಕುರಿತು ಅವರು ಮಾಡಿದ ಉಪನ್ಯಾಸಗಳು ೧೯೩೪ರಲ್ಲಿ ಗ್ರಂಥರೂಪ ತಾಳಿದುವು. ೧೯೩೬ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರು ಕಟ್ಟಿ ಬೆಳೆಸಿದ ಇಲಾಖೆಯ ಅಂದಿನ ಮುಖ್ಯಸ್ಥರಾದ ಎಂ. ಎಚ್. ಕೃಷ್ಣರು ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದದ್ದೂ ಅದೇ ವರ್ಷದಲ್ಲಿ.

ಈ ಲೇಖನವನ್ನು ಇಲ್ಲಿಗೆ ಮುಗಿಸಬಹುದಾಗಿತ್ತು. ಆದರೆ ನನ್ನದೊಂದು ತಪ್ಪನ್ನು ಹೇಳಿಕೊಳ್ಳದಿದ್ದರೆ ಆಚಾರ್ಯರ ಜೀವನವನ್ನು ಈಗ ಏಕೆ ನೆನೆದೆನೆಂಬುದು ವಾಚಕರಿಗೆ ತಿಳಿಯುವುದಿಲ್ಲ. ತಲಕಾಡಿನಲ್ಲಿ ನನ್ನ ತಾಯಿಯ ತವರುಮನೆ ಹಳೆಯ ತೊಟ್ಟಿಯ ಮನೆ. ಮರದ ಕಂಬಗಳು, ನಡುವೆ ಆಕಾಶ ಕಾಣುವ ತೊಟ್ಟಿ, ಹಿತ್ತಿಲ ಬಾಗಿಲಲ್ಲಿ ಮೆಟ್ಟಿಲಾಗಿ ಹಾಸಿದ ಒಂದು ಉದ್ದನೆಯ ಕಲ್ಲು. ಆ ಕಲ್ಲಿನ ಮೇಲೆ ಸವೆದ ಅಕ್ಷರಗಳ ಎರಡು ಸಾಲುಗಳಿದ್ದುವು. ಬಾಲ್ಯದಲ್ಲಿ ಅದರ ಮೇಲೆ ಕುಳಿತು ಬೆರಳಿನಿಂದ ಅವನ್ನು ತಿದ್ದಿದ್ದೇನೆ. ಇಪ್ಪತ್ತು ವರ್ಷಗಳ ಹಿಂದೆ ಮನೆ ಪಾಲಾಗಿ ಅದನ್ನು ಕೆಡವಿದರು. ಆಗ ನಾನು ಕನ್ನಡ ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ್ದೆ; ಹಳಗನ್ನಡ ಲಿಪಿಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದವನು. ಕೆಡವುವ ಮುನ್ನಾದಿನ ಮನೆಯವರೆಲ್ಲ ಸೇರಿದಾಗ ನನ್ನ ಕೈಯಲ್ಲಿ ಕ್ಯಾಮರಾ ಇತ್ತು. ಅಜ್ಜಿಯನ್ನು, ಮಾವಂದಿರನ್ನು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚಿತ್ರಗಳನ್ನು ತೆಗೆದೆ. ಕಲ್ಲಿನ ಚಿತ್ರವನ್ನು ತೆಗೆಯಲಿಲ್ಲ. ಅದು ಹೊಸ ಮನೆಯ ತಳಪಾಯಕ್ಕೆ ಹೋಯಿತೆಂದು ಆಮೇಲೆ ತಿಳಿಯಿತು.

ಸೋಮನಾಥಪುರದಿಂದ ಬಂದ ರಾತ್ರಿ ಆ ಹಳೆಯ ಚಿತ್ರಗಳನ್ನು ತೆಗೆದು ನೋಡಿದೆ. ಒಂದರಲ್ಲಿ, ಹಿತ್ತಿಲ ಬಾಗಿಲಲ್ಲಿ ನಿಂತ ನನ್ನ ಸೋದರಮಾವನ ಮಗುವಿನ ಕಾಲಿನ ಪಕ್ಕದಲ್ಲಿ, ಕಲ್ಲಿನ ಒಂದು ಮೂಲೆ ಕಾಣುತ್ತದೆ. ಎರಡು ಅಕ್ಷರಗಳು ಸ್ಪಷ್ಟವಾಗಿವೆ. ಮೂರನೆಯದರ ಮೇಲೆ ಮಗುವಿನ ಹೆಬ್ಬೆರಳಿದೆ. ಮರುದಿನ ಕಾಲೇಜಿನ ಗ್ರಂಥಾಲಯದಲ್ಲಿ ಮೂರನೆಯ ಸಂಪುಟವನ್ನು ತೆರೆದು ತಲಕಾಡಿನ ಶಾಸನಗಳನ್ನು ಒಂದೊಂದಾಗಿ ನೋಡಿದೆ. ಮನೆಯೊಳಗಿನ ಕಲ್ಲನ್ನು ಅಂದು ಯಾರು ತೋರಿಸಬೇಕಾಗಿತ್ತು? ಅದು ಅಲ್ಲಿರಲಿಲ್ಲ. ಅದರಲ್ಲಿ ದಾನ ಕೊಟ್ಟವನ ಹೆಸರಿತ್ತೋ, ಕಾಳಗದಲ್ಲಿ ಮಡಿದವನ ಹೆಸರಿತ್ತೋ, ಕೊರೆದವನ ಹೆಸರಿತ್ತೋ, ಇನ್ನು ಹೇಳುವವರಿಲ್ಲ.

ಕೀರ್ತಿನಾರಾಯಣನ ಗುಡಿಯನ್ನು ಈಚಿನ ದಶಕಗಳಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ಮತ್ತೆ ಜೋಡಿಸಿದ್ದಾರೆ. ಬೇಲೂರು ಹಳೇಬೀಡುಗಳ ಜೊತೆಗೆ ಸೋಮನಾಥಪುರವೂ ೨೦೨೩ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ದೊಡ್ಡ ಗುಡಿಗಳಿಗೆ ಕಾವಲುಗಾರರು ಬಂದಿದ್ದಾರೆ. ಅದು ಸಂತೋಷದ ವಿಷಯ. ಹಿತ್ತಿಲ ಮೆಟ್ಟಿಲುಗಳಿಗೂ ಜಗಲಿಯ ಕಲ್ಲುಗಳಿಗೂ ಆ ಭಾಗ್ಯವಿಲ್ಲ. ಈಗ ಪ್ರವಾಸಕ್ಕೆ ಹೊರಡುವ ಮೊದಲು ನನ್ನ ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಹೇಳುತ್ತೇನೆ. ತಂತಮ್ಮ ಊರಿನಲ್ಲಿ ಅಕ್ಷರವಿರುವ ಒಂದು ಕಲ್ಲನ್ನೋ, ಬೀಳಲಿರುವ ಒಂದು ಹಳೆಯ ಮನೆಯನ್ನೋ ಚಿತ್ರ ತೆಗೆದು, ಯಾವ ಊರು, ಯಾವ ದಿಕ್ಕು, ಯಾರ ಮನೆ, ಯಾವ ದಿನ ಎಂದು ಕೆಳಗೆ ಬರೆದು ತರಬೇಕು. ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮರಾ ಇರುವ ಈ ದಿನಗಳಲ್ಲಿ ಅದು ಕಷ್ಟದ ಕೆಲಸವಲ್ಲ. ಕಳೆದ ಬಾರಿ ಮೂವತ್ತೊಂದು ಚಿತ್ರಗಳು ಬಂದುವು. ಅವುಗಳ ಪಟ್ಟಿಯನ್ನು ನಾನೇ ಬರೆದೆ. ಆಚಾರ್ಯರ ವರದಿಯ ಕೊನೆಯ ಪುಟಗಳನ್ನು ಮುಂದಿಟ್ಟುಕೊಂಡು, ಅವರು ಬರೆದ ಕ್ರಮದಲ್ಲಿಯೇ ಬರೆದೆ.